ಎರಡನೇ ಗೇರಿನಲ್ಲಿ ಇಳಿಯುವ ಘಾಟಿ

ಗ್ಲೆನಿಸ್ ಹ್ಯಾಡೋ ಸಿಟ್ಟು ಬಂದರೆ ಕೂಗಾಡುವವಳಲ್ಲ. ಮಾತು ನಿಲ್ಲಿಸಿ ಪಾತ್ರೆ ತೊಳೆಯುತ್ತಾಳೆ. ತೊಳೆದಿಟ್ಟದ್ದನ್ನೇ ಮತ್ತೆ ತೊಳೆಯುತ್ತಾಳೆ. ಗಂಡ ಲಯನೆಲ್ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಅಂದರೆ ಕ್ಯಾರವಾನ್, ಕೊಂಡು ತಂದ ಆ ಬೇಸಿಗೆಯಲ್ಲಿ ಅವರ ಅಡುಗೆಮನೆಯ ಪಾತ್ರೆಗಳೆಲ್ಲ ಹಿಂದೆಂದೂ ಇಲ್ಲದಷ್ಟು ಹೊಳೆಯುತ್ತಿದ್ದವು.

ಬೇಗಾ ಕಣಿವೆಯಲ್ಲಿ ಹಸು ಸಾಕುವವರ ಮನೆಯ ಮಗಳು ಅವಳು. ಇಪ್ಪತ್ಮೂರರ ವಯಸ್ಸಿನಲ್ಲಿ ಹಾಲಿನ ಟ್ಯಾಂಕರ್ ಓಡಿಸುವ ಕೆಲಸ ಕೇಳಿಕೊಂಡು ಹೋದಾಗ ಅಲ್ಲಿನ ಮೇಲಧಿಕಾರಿ ತಲೆಯನ್ನೂ ಎತ್ತದೆ, "ಇಲ್ಲಿ ಹೆಂಗಸರಿಗೆ ಕಕ್ಕಸಿಲ್ಲ ಕಣಮ್ಮ" ಅಂದಿದ್ದ.

"ನಮ್ಮನೆ ಹಸುಗಳಿಗೂ ಇರ್ಲಿಲ್ಲ. ಅವುಗಳ ಜೊತೇಲೇ ಬೆಳೆದವಳು ನಾನು. ಬೀಗದ ಕೈ ಕೊಡಿ" ಅಂದಿದ್ದಳು ಇವಳು.

ಕೊಟ್ಟರು. ಇಪ್ಪತ್ತೇಳು ವರ್ಷ ಓಡಿಸಿದಳು. ಮಂಜು ಮುಸುಕಿದ್ದಾಗ, ರಸ್ತೆಯ ಮೇಲೆ ಹಿಮ ಹೆಪ್ಪುಗಟ್ಟಿದ್ದಾಗ ಬ್ರೌನ್ ಮೌಂಟನ್ ಘಾಟಿಯನ್ನು ಹತ್ತಿ ಇಳಿದಳು. ಟ್ಯಾಂಕಿನಲ್ಲಿರುವ ಹಾಲು ಸುಮ್ಮನೆ ಕೂರುವುದಿಲ್ಲ. ಗಕ್ಕನೆ ಬ್ರೇಕು ಹಾಕಿದರೆ ಹಿಂದಿನಿಂದ ಬಂದು ಗುದ್ದುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ, ಎಂಜಿನ್ನೇ ಲಾರಿಯನ್ನು ಹಿಡಿದುಕೊಳ್ಳುವಂತೆ ಮಾಡುವುದು ಅವಳಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಒಂದು ದಿನವೂ ಅವಳ ಬ್ರೇಕು ಹೊಗೆಯಾಡಲಿಲ್ಲ. ಭುಜದ ನೋವು ಶುರುವಾದಾಗ ಕೆಲಸ ಬಿಟ್ಟಳು.

ಲಯನೆಲ್ ಪುರಸಭೆಯಲ್ಲಿ ಗುಮಾಸ್ತನಾಗಿದ್ದವನು. ಒಳ್ಳೆಯವನೇ. ಟೊಮೇಟೊ ಬೆಳೆಯುತ್ತಿದ್ದ, ಬೆಳಗಿನ ಚಹಾ ಅವನೇ ಮಾಡುತ್ತಿದ್ದ. ಆದರೆ ಕ್ಯಾರವಾನ್ ಬಂದ ದಿನದಿಂದ ಅವನ ನಡಿಗೆಯೇ ಬದಲಾಯಿತು. ಸ್ಟಿಯರಿಂಗ್ ಅವಳ ಕೈಗೆ ಕೊಡಲೇ ಇಲ್ಲ. ಕ್ಯಾರವಾನ್ ಕ್ಲಬ್ಬಿನ ಗಂಡಸರು ಕಾರಿನ ಬಾನೆಟ್ಟಿನ ಸುತ್ತ ನಿಂತು ಮಾತಾಡುವಾಗ ಇವಳು ಒಂದು ಮಾತು ಸೇರಿಸಿದರೆ, "ಹೆಂಗಸರೆಲ್ಲ ಅಲ್ಲಿ ಚಹಾ ಜೊತೆ ಸ್ಕೋನ್ ತಿಂತಿದಾರೆ ನೋಡಿ" ಅನ್ನುತ್ತಿದ್ದರು. ಲಯನೆಲ್ ಅದಕ್ಕೆ ನಗುತ್ತಿದ್ದ. ಆ ನಗು ಅವಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು.

ಮಾರ್ಚಿನಲ್ಲಿ ಜಿಂಡಬೈನ್ ಕೆರೆಗೆ ಹೊರಟರು. ಅದೇ ಘಾಟಿ ಹತ್ತುವಾಗ ಗೇರುಬಾಕ್ಸು ಐದಕ್ಕೂ ಆರಕ್ಕೂ ನಡುವೆ ಎಡತಾಕತೊಡಗಿತು. ಎಂಜಿನ್ ಒಮ್ಮೆ ಅರಚುತ್ತಿತ್ತು, ಒಮ್ಮೆ ಮುಲುಗುತ್ತಿತ್ತು.

"ಭಾರ ಎಳೆಯೋ ಟೋ ಬಟನ್ ಒತ್ತು. ಇಲ್ಲಾಂದ್ರೆ ನಾಲ್ಕರಲ್ಲೇ ಹಿಡಿದಿಡು. ಗೇರುಬಾಕ್ಸಿನ ಎಣ್ಣೆ ಬಿಸಿಯಾಗ್ತಿದೆ."

"ನಿಂದು ಹಳೇ ಕಾಲದ ಲಾರಿ ಗ್ಲೆನ್. ಇದು ಎಂಟು ಗೇರಿನ ಆಟೋಮ್ಯಾಟಿಕ್. ಡಿ ಗೆ ಹಾಕಿ ಬಿಟ್ರೆ ಅದೇ ನೋಡ್ಕೊಳ್ಳುತ್ತೆ. ಅದಕ್ಕೇ ಬುದ್ಧಿ ಇದೆ."

"ಹಿಂದೆ ಎರಡೂವರೆ ಟನ್ ಮನೆ ಇದೆ ಅಂತ ಅದರ ಬುದ್ಧಿಗೆ ಯಾರು ಹೇಳ್ತಾರೆ? ಆ ಬಟನ್ ಇರೋದೇ ಅದಕ್ಕೆ ಮಾರಾಯ."

ಅವನು ರೇಡಿಯೊ ಹಾಕಿದ. ನಿಮ್ಮಿಟಬೆಲ್ ಊರಿನ ಹತ್ತಿರ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿತು. ಸುಟ್ಟ ಎಣ್ಣೆಯ ವಾಸನೆ ಬಂತು. ರಸ್ತೆಬದಿಯಲ್ಲಿ ನಿಲ್ಲಿಸಿ, ಗೇರನ್ನು ಪಾರ್ಕಿಗೆ ಹಾಕಿ, ಎಂಜಿನ್ ಆರಿಸದೆ ಎಣ್ಣೆ ತಣಿಯುವವರೆಗೂ ಕಾದರು. ಹಾಗೆ ಮಾಡಲು ಹೇಳಿದವಳೂ ಅವಳೇ. ಹೊರಡುವಾಗ ಲಯನೆಲ್, "ಇವತ್ತು ಬಿಸಿಲು ಜಾಸ್ತಿ" ಅಂದ. ಕೆರೆಯ ದಂಡೆಯಲ್ಲಿ ಕಳೆದ ಆರು ದಿನವೂ ಕ್ಯಾರವಾನಿನ ಪುಟ್ಟ ತೊಟ್ಟಿಯಲ್ಲಿ ಪಾತ್ರೆ ತೊಳೆದಳು.

ವಾಪಸು ಬರುವಾಗ ಘಾಟಿಯ ನೆತ್ತಿಯಲ್ಲಿ ಮತ್ತೆ ಹೇಳಿದಳು. "ಇಲ್ಲಿ ನಿಧಾನ ಮಾಡಿ ಎರಡಕ್ಕೋ ಮೂರಕ್ಕೋ ಇಳಿಸು. ಡಿ ಯಲ್ಲಿ ಇಳೀಬೇಡ."

"ಬ್ರೇಕ್ ಯಾತಕ್ಕಿರೋದು?"

ನಾಲ್ಕನೇ ತಿರುವಿಗೆ ವಾಸನೆ ಶುರುವಾಯಿತು. ಆರನೆಯದರ ಹೊತ್ತಿಗೆ ಲಯನೆಲ್‌ನ ಕಾಲು ಪೆಡಲ್ಲನ್ನು ನೆಲದವರೆಗೂ ಒತ್ತುತ್ತಿತ್ತು, ಕಾರು ಮಾತ್ರ ನಿಧಾನವಾಗುತ್ತಿರಲಿಲ್ಲ. ಹಿಂದಿನ ಕ್ಯಾರವಾನ್ ತಳ್ಳುತ್ತಿತ್ತು.

"ನೀನು ರಸ್ತೆ ನೋಡು. ಸ್ಟಿಯರಿಂಗ್ ಬಿಡಬೇಡ" ಅಂದಳು ಗ್ಲೆನಿಸ್. ಎಡಗೈ ಚಾಚಿ, ಡ್ಯಾಶ್‌ಬೋರ್ಡಿನ ನಡುವೆ ಕ್ಯಾರವಾನಿನ ಬ್ರೇಕನ್ನಷ್ಟೇ ಹಿಡಿಸುವ ಗುಂಡಿಯನ್ನು ಒತ್ತಿ ಹಿಡಿದಳು. ಬಲಗೈಯಿಂದ ಗೇರಿನ ಕೋಲನ್ನು ಪಕ್ಕಕ್ಕೆ ಎಳೆದು ಒಂದೊಂದೇ ಇಳಿಸಿದಳು. ಐದು. ನಾಲ್ಕು. ಎಂಜಿನ್ ಕಿರುಚಿತು. ಮೂರು. ಇಡೀ ಗಾಡಿ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ನಡುಗಿತು. ಎರಡು. ಮುಂದಿನ ತಿರುವಿನಲ್ಲಿ ಜಲ್ಲಿ ಹಾಕಿದ ಅಗಲ ಜಾಗವಿರುವುದು ಅವಳಿಗೆ ಗೊತ್ತಿತ್ತು. ಅಲ್ಲಿ ಕೈಬ್ರೇಕು ಎಳೆದು ನಿಲ್ಲಿಸಿದರು.

ನಾಲ್ಕೂ ಚಕ್ರದಿಂದ ಹೊಗೆ ಏಳುತ್ತಿತ್ತು. ಲಯನೆಲ್ ಇಳಿದು ಕಲ್ಲಿನ ಮೇಲೆ ಕೂತ.

"ಗೇರು ಇಳಿಸು ಅಂತ ಹೇಳ್ದೆ. ಹತ್ತುವಾಗ ಹೇಳ್ದೆ, ಇಳಿಯುವಾಗ ಹೇಳ್ದೆ" ಅಂದಳು. ಅವಳ ದನಿ ಏರಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ತಂದಿತು. "ಇದೊಂದು ಕೆಲಸ ನನಗೆ ಗೊತ್ತು ಲಯನೆಲ್. ಈ ಒಂದೇ ಒಂದು."

ಅವನು ನೆಲ ನೋಡುತ್ತ ಹೇಳಿದ, "ಇಪ್ಪತ್ತೇಳು ವರ್ಷ ನಮ್ಮೂರಲ್ಲಿ ನಾನು ಗ್ಲೆನಿಸ್ ಗಂಡ. ಪಬ್ಬಲ್ಲೂ ಅದೇ, ಆಫೀಸಲ್ಲೂ ಅದೇ. 'ಹೆಂಡ್ತಿ ಲಾರಿ ಓಡಿಸ್ತಾಳೆ, ನೀನು ಪೆನ್ಸಿಲ್ ಓಡಿಸ್ತೀಯ' ಅಂತಿದ್ರು. ಒಂದ್ಸಲ ನಾನೂ ಏನಾದ್ರೂ ದೊಡ್ಡದು ಓಡಿಸ್ಬೇಕು ಅನ್ನಿಸ್ತು."

ಇದು ಅವಳಿಗೆ ಗೊತ್ತಿರಲಿಲ್ಲ. ಪಾಪ ಅನ್ನಿಸಬೇಕಿತ್ತು, ಅನ್ನಿಸಿತು ಕೂಡ. ಆದರೆ ಸಿಟ್ಟು ಅದರಿಂದ ಕರಗಲಿಲ್ಲ. "ಅದನ್ನ ಬಾಯಿಬಿಟ್ಟು ಹೇಳಿದ್ರೆ ನಾನೇ ಕಲಿಸ್ತಿದ್ದೆ. ಅದಕ್ಕೆ ನನ್ನನ್ನ ಪ್ರಪಾತಕ್ಕೆ ಬೀಳಿಸ್ಬೇಕಿತ್ತಾ?" ಅಂದು, ಬ್ರೇಕು ತಣ್ಣಗಾದ ಮೇಲೆ ಬೀಗದ ಕೈಗೆ ಕೈ ಚಾಚಿದಳು. ಎರಡನೇ ಗೇರಿನಲ್ಲಿ, ಎಮ್ಮೆ ನಡೆಯುವಂತೆ, ಪೆಡಲ್ ಹೆಚ್ಚು ಮುಟ್ಟದೆ ಕೆಳಗಿಳಿಸಿದಳು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಮುಂದಿನ ಭಾನುವಾರ ಕ್ಲಬ್ಬಿನ ಊಟದಲ್ಲಿ ಯಾರೋ ಕೇಳಿದ್ದಕ್ಕೆ ಲಯನೆಲ್, "ಘಾಟಿಯಲ್ಲಿ ಬ್ರೇಕು ಸ್ವಲ್ಪ ಕೈಕೊಟ್ಟಿತು, ಹೇಗೋ ಸಂಭಾಳಿಸಿದೆ" ಅಂದುಬಿಟ್ಟ.

ಸಾಸೇಜು ಹುರಿಯುತ್ತಿದ್ದ ಗ್ಲೆನಿಸ್ ಇಕ್ಕಳ ಕೆಳಗಿಟ್ಟಳು. ಆ ದಿನ ಮೊದಲ ಬಾರಿಗೆ ಅವಳ ದನಿ ಏರಿತು. ಕೆಂಪು ದೀಪ, ರಸ್ತೆಬದಿಯಲ್ಲಿ ಕಾದದ್ದು, ಹೊಗೆ, ಯಾರ ಕೈ ಎಲ್ಲಿತ್ತು ಅನ್ನುವುದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಬಾನೆಟ್ಟಿನ ಸುತ್ತ ನಿಲ್ಲುತ್ತಿದ್ದ ಗಂಡಸರ ಕಡೆ ತಿರುಗಿ, "ನಿಮ್ಮಲ್ಲಿ ಎಷ್ಟು ಜನ ಆ ಬಟನ್ ಒತ್ತಿದ್ದೀರಿ? ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದ್ದೀರಾ?" ಅಂದಳು. ಒಬ್ಬ ತನ್ನ ತಟ್ಟೆ ನೋಡುತ್ತ ನಿಂತ.

ಮೊದಲು ಅವಳ ಹತ್ತಿರ ಬಂದವಳು ಎಪ್ಪತ್ತು ದಾಟಿದ ಯೂನಿಸ್ ಪ್ರಿಟ್. "ನಂಗೆ ಕಲಿಸ್ತೀಯೇನೆ? ನಮ್ಮವರೂ ಡಿ ಯಲ್ಲೇ ಇಳಿಸ್ತಾರೆ. ನಾನು ಕಣ್ಣು ಮುಚ್ಚಿಕೊಂಡು ಕೂರ್ತೀನಿ."

ಈಗ ಶನಿವಾರ ಬೆಳಿಗ್ಗೆ ದನದ ಸಂತೆಯ ಖಾಲಿ ಮೈದಾನದಲ್ಲಿ ಆರು ಹೆಂಗಸರು ಸೇರುತ್ತಾರೆ. ಗೇರು ಕೈಯಲ್ಲಿ ಹಿಡಿದಿಡುವುದು, ಇಳಿಜಾರಿಗೆ ಮೊದಲೇ ಇಳಿಸುವುದು, ಕ್ಯಾರವಾನಿನ ಬ್ರೇಕನ್ನು ಬೇರೆಯಾಗಿ ಹಿಡಿಸುವುದು. ಗ್ಲೆನಿಸ್ ತಾಳ್ಮೆಯ ಗುರುವಲ್ಲ. "ಕಿವಿಗೊಟ್ಟು ಕೇಳು, ಎಂಜಿನ್ ಅಳ್ತಾ ಇದೆ" ಎಂದು ಬೈಯುತ್ತಾಳೆ.

ಮೂರನೇ ವಾರ ಲಯನೆಲ್ ಟೊಪ್ಪಿ ಕೈಯಲ್ಲಿ ಹಿಡಿದು ಬಂದು ನಿಂತ. "ನಂಗೂ ಹೇಳ್ಕೊಡ್ತೀಯಾ?"

ಗ್ಲೆನಿಸ್ ಅವನ ಮುಖ ನೋಡಲಿಲ್ಲ. "ಸಾಲಲ್ಲಿ ನಿಂತ್ಕೋ. ಯೂನಿಸ್ ಆದ್ಮೇಲೆ" ಅಂದಳು.

ಅವನು ನಿಂತ.