ಕಣ್ಣಿನ ಡಾಕ್ಟರು ಕೇಳಿದ ಪ್ರಶ್ನೆ

ಕಣ್ಣು ತೋರಿಸಲು ಬಂದ ಹುಡುಗಿಯ ಹತ್ತಿರ ಡಾಕ್ಟರು ಮುಟ್ಟಿನ ವಿಷಯ ಯಾಕೆ ಕೇಳಬೇಕು?

ಚೌತಿ ಮುಗಿದ ವಾರ ಕಾರವಾರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೂತು ನನ್ನ ಅಕ್ಕ ಹಾಗೇ ಯೋಚಿಸಿರಬೇಕು. ಕಣ್ಣು ತೋರಿಸಲು ಬಂದವಳು ಅವಳ ಮಗಳು ಪಲ್ಲವಿ. ಡಿಗ್ರಿ ಮುಗಿಸಿ ಅಂಕೋಲೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಗಸೂರಿನಿಂದ ದಿನಾ ಬಸ್ಸು. (ಹೆಸರು ಬದಲಿಸಿದ್ದೇನೆ. ಬರೆ ಎಂದು ಹೇಳಿದವಳು ಅವಳೇ.)

ಒಂದು ಮಶಿನ್ನಿಗೆ ಮುಖ ಆನಿಸಿ ಕೂರಿಸಿದ್ದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಎದುರಿನ ಚುಕ್ಕಿಗಳಿಗೆ ಒತ್ತಿದಳು. ಎಡ, ಬಲ ಅಂಚಿನಲ್ಲಿ ಚುಕ್ಕಿಗಳು ಬಂದು ಹೋದವು, ಅವಳ ಕೈ ಅಲ್ಲಾಡಲಿಲ್ಲ.

ಡಾಕ್ಟರು ಹೆಂಗಸು. ರಿಪೋರ್ಟನ್ನು ಸ್ವಲ್ಪ ಹೊತ್ತು ನೋಡಿ, "ಮುಟ್ಟು ಸರಿಯಾಗಿ ಆಗ್ತದಾ?" ಎಂದರು.

ಅಕ್ಕನೇ ಉತ್ತರಿಸಿದಳು. "ಅವ್ಳದ್ದು ಎಂತಾ ರಗಳೆ ಇಲ್ಲ ಡಾಕ್ಟ್ರೇ." ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು.

"ಕೊನೆಗೆ ಆದದ್ದು ಯಾವಾಗ?"

"ಚೌತಿ ಮೊದ್ಲು," ಎಂದಳು ಅಕ್ಕ.

ಪಲ್ಲವಿ ನೆಲ ನೋಡುತ್ತ ಹೇಳಿದಳು. "ಈ ಚೌತಿ ಅಲ್ಲ. ಅದ್ರ ಹಿಂದಿಂದು."

ಡಾಕ್ಟರು ಪೆನ್ನು ಕೆಳಗಿಟ್ಟರು.

ಆ ಹೆಮ್ಮೆ ಎಲ್ಲಿಂದ ಬಂತು ಎಂದು ಹೇಳಬೇಕು. ನಮ್ಮ ಕಡೆ ಚೌತಿಯ ಚಕ್ಕುಲಿ ದೇವರ ನೈವೇದ್ಯಕ್ಕೆ. ಮುಟ್ಟಾಗಿ ಹೊರಗೆ ಕೂತವಳು ಹಿಟ್ಟು ಮುಟ್ಟುವ ಹಾಗಿಲ್ಲ, ಎಣ್ಣೆಯ ಹತ್ತಿರ ಬರುವ ಹಾಗಿಲ್ಲ. ಹಬ್ಬ ಹತ್ತಿರ ಬಂತೆಂದರೆ ಪ್ರತಿ ಮನೆಯ ಹೆಂಗಸರೂ ತಮ್ಮ ದಿನದ ಲೆಕ್ಕ ಹಾಕುತ್ತಾರೆ. ಹಬ್ಬವಿಲ್ಲದ ದಿನ ಈಗ ಯಾರೂ ಹೊರಗೆ ಕೂರುವುದಿಲ್ಲ, ಲೆಕ್ಕವನ್ನೂ ಇಡುವುದಿಲ್ಲ. ಮುಂದೆ ಹಾಕಲು ಕೆಲವರು ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸುತ್ತಾರೆ. (ಡಾಕ್ಟರನ್ನು ಕೇಳಿ ತರಿಸುವವರು ಎಷ್ಟು ಮಂದಿ?) ಪಲ್ಲವಿಗೆ ಇದು ಯಾವುದೂ ಬೇಕಿರಲಿಲ್ಲ. ಹಾಗಾಗಿ ಸುತ್ತಲಿನ ಮನೆಗಳಿಗೆಲ್ಲ ಅವಳೇ ಚಕ್ಕುಲಿಗೆ ಕೂರುವವಳು.

"ಪಲ್ಲವಿ ಇದ್ರೆ ನಮ್ಗೆ ಚಿಂತೆ ಇಲ್ಲ," ಎನ್ನುತ್ತಿದ್ದರು ಪಕ್ಕದ ಮನೆಯ ಸುಮಿತ್ರಕ್ಕ. "ಪುಣ್ಯವಂತೆ. ದೇವ್ರ ಕೆಲ್ಸಕ್ಕೆ ಒಂದು ಸಲನೂ ತಪ್ಪುದಿಲ್ಲ."

ಕಾಯಿಲೆಯೊಂದಕ್ಕೆ ಊರು ಸರ್ಟಿಫಿಕೇಟ್ ಕೊಟ್ಟಿತ್ತು.

ಈ ಸಲ ಚಕ್ಕುಲಿಯ ದಿನ ನಾನೂ ಅಲ್ಲಿದ್ದೆ. ಒಲೆಯ ಮುಂದೆ ಕೂತ ಪಲ್ಲವಿ ಪಕ್ಕಕ್ಕೆ ತಿರುಗುವಾಗ ಮೊಣಕೈ ಬಿಸಿ ಬಾಣಲೆಗೆ ತಾಗಿತು. ಚರ್ಮ ಕೆಂಪಾಗಿ ಎದ್ದಿತು.

"ಯಾರ ಗುಂಗೇ ಮಾರಾಯ್ತಿ? ಹುಡುಗ ನೋಡೂಕೆ ಬರೂದು ಯಾವಾಗ?" ಸುಮಿತ್ರಕ್ಕ ಕೆಣಕಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆಮೇಲೆ ನಾನು ಎಡಗಡೆಯಿಂದ ತಟ್ಟೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ತಟ್ಟೆಯನ್ನು ಅಲ್ಲಾಡಿಸಿದೆ. ಆಗಲೂ ಇಲ್ಲ. ಹೆಸರು ಹಿಡಿದು ಕರೆದಾಗ ತಿರುಗಿದಳು.

"ಚಿಕ್ಕಿ, ಎದುರಿಗೆ ಹಿಡಿ. ಪಕ್ಕದಿಂದ ಕೊಟ್ರೆ ಕಾಣುದಿಲ್ಲ."

ಉಪ್ಪು ಕೊಡು ಎನ್ನುವಷ್ಟು ಸಹಜವಾಗಿ ಹೇಳಿದಳು. ಯಾವಾಗಿನಿಂದ ಎಂದು ಕೇಳಿದೆ. "ಗೊತ್ತಿಲ್ಲ. ತಲೆನೋವು ಶುರುವಾದ ಮೇಲೆ ಇರ್ಬೇಕು."

ಹಬ್ಬ ಕಳೆದ ಕೂಡಲೇ ಮೂವರೂ ಆಸ್ಪತ್ರೆಗೆ ಹೋದದ್ದು ಹೀಗೆ.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. "ಎದೆಯಿಂದ ಹಾಲಿನ ಹಾಗೆ ಏನಾದ್ರೂ ಬರ್ತದಾ?"

"ಎಂತ ಕೇಳ್ತೀರಿ ಡಾಕ್ಟ್ರೇ? ಅವ್ಳಿಗೆ ಮದ್ವೆನೇ ಆಗ್ಲಿಲ್ಲ," ಎಂದಳು ಅಕ್ಕ.

"ಬರ್ತದೆ," ಎಂದಳು ಪಲ್ಲವಿ.

ಬಟ್ಟೆಯೊಳಗೆ ಕರವಸ್ತ್ರ ಮಡಿಸಿ ಇಟ್ಟುಕೊಳ್ಳುತ್ತಿದ್ದಳಂತೆ. ಯಾರಿಗೂ ಕಾಣದ ಹಾಗೆ ತಾನೇ ಒಗೆಯುತ್ತಿದ್ದಳಂತೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದೆ. "ಹೇಳಿದ್ರೆ ಆಯಿ ಎಂತ ತಿಳ್ಕೊಳ್ತಿತ್ತು ಚಿಕ್ಕಿ?" ಎಂದಳು. ಅವಳ ಆಯಿ, ಅಂದರೆ ನನ್ನ ಅಕ್ಕ, ಪಕ್ಕದಲ್ಲೇ ಇದ್ದಳು. ಮಗಳ ಮೊಣಕೈಯ ಸುಟ್ಟ ಕಲೆಯನ್ನು ಬೆರಳಿನಿಂದ ಸವರುತ್ತ ಕೂತಿದ್ದಳು.

ರಕ್ತ ಪರೀಕ್ಷೆ ಆಯಿತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ, ಅದರಲ್ಲೊಂದು ಗಂಟು. ಕ್ಯಾನ್ಸರ್ ಅಲ್ಲ. ಬಾಣಂತಿಗೆ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಅದು ಅತಿಯಾಗಿ ಸುರಿಸುತ್ತಿತ್ತು. ಮುಟ್ಟು ನಿಂತದ್ದು ಅದರಿಂದ. ಗಂಟು ಬೆಳೆದು ಕಣ್ಣಿನ ನರವನ್ನು ಒತ್ತಿದ್ದರಿಂದ ಪಕ್ಕದ ನೋಟ ಹೋಗಿತ್ತು. ಹೆಚ್ಚಿನವರಿಗೆ ಮಾತ್ರೆಯಲ್ಲೇ ಗಂಟು ಕುಗ್ಗುತ್ತದೆ, ಆಪರೇಷನ್ ಬೇಕಾಗುವುದು ಕಡಿಮೆ ಎಂದರು ಹಾರ್ಮೋನಿನ ಡಾಕ್ಟರು. ಕಣ್ಣು? "ಎಷ್ಟು ವಾಪಸ್ ಬರ್ತದೆ ಅಂತ ಈಗಲೇ ಹೇಳೋಕಾಗೂದಿಲ್ಲ. ಬೇಗ ಬಂದಿದ್ರೆ ಒಳ್ಳೇದಿತ್ತು."

ಹೆದರಿಸಲು ಬರೆಯುತ್ತಿಲ್ಲ. ಮುಟ್ಟು ತಪ್ಪಿದವರಿಗೆಲ್ಲ ತಲೆಯಲ್ಲಿ ಗಂಟು ಇರುವುದಿಲ್ಲ. ಬಹಳ ಮಂದಿಗೆ ಥೈರಾಯ್ಡ್, ಅಂಡಾಶಯದ ತೊಂದರೆ, ಮೈತೂಕದ ಏರಿಳಿತ, ಅತಿಯಾದ ಚಿಂತೆ ಕಾರಣ. ಎಲ್ಲಕ್ಕೂ ಚಿಕಿತ್ಸೆ ಇದೆ. ಆದರೆ ಮೂರು ತಿಂಗಳು ಸತತ ಮುಟ್ಟು ಆಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಮದುವೆಯಾದ ಮೇಲೆ ಸರಿಹೋಗುತ್ತದೆ ಎಂದು ಕಾಯುವುದು ಚಿಕಿತ್ಸೆಯಲ್ಲ. ಹೊಸ ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನ ನಮಗೆ ನೆನಪಿರುತ್ತದೆ. ಮಗಳ ಮುಟ್ಟಿನ ದಿನ?

ಪಲ್ಲವಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ತುಳಸಿ ಮದುವೆಯ ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಪಲ್ಲವಿ ಹೊರಗೆ ಕೂತಿದ್ದು," ಎಂದಳು. ಅಷ್ಟೇ ಹೇಳಿ ಅತ್ತಳು. ಪಂಚಕಜ್ಜಾಯ ಮಾಡಲು ಪಲ್ಲವಿಯನ್ನು ಕರೆಯಬಂದ ಸುಮಿತ್ರಕ್ಕನ ಮಾತು ಫೋನಿನಲ್ಲೇ ಕೇಳಿಸಿತು. "ಅಯ್ಯ, ಹಬ್ಬದ ದಿನನೇ ಆಗ್ಬೇಕಿತ್ತಾ?"

"ಹೌದು. ಇವತ್ತೇ ಆಗ್ಬೇಕಿತ್ತು," ಎಂದಳು ಅಕ್ಕ.

ಬಲಗಡೆಯ ನೋಟ ಬಹುಪಾಲು ಮರಳಿದೆ. ಎಡಗಡೆ ಇನ್ನೂ ಮಬ್ಬು. ಅಕ್ಕ ಈಗ ಮಗಳಿಗೆ ಚಹಾವನ್ನು ಎದುರಿಗೇ ತಂದು ಕೊಡುತ್ತಾಳೆ.

ಕಣ್ಣಿನ ಡಾಕ್ಟರು ಕೇಳಿದ ಆ ಪ್ರಶ್ನೆಯನ್ನು ಮೊದಲು ಯಾರು ಕೇಳಬೇಕಿತ್ತು?