ಆಕಾಶದ ಬಣ್ಣದ ಜ್ವರದ ನಕ್ಷೆ

1992ರ ಮಳೆಗಾಲ. ಗೋವಾದ ಪರ್ವರಿಯಲ್ಲಿ, ಕಟ್ಟಡ ಕೆಲಸಕ್ಕೆ ಬಂದ ನಮ್ಮ ವಿಜಾಪುರ, ಗದಗ ಕಡೆಯವರ ತಗಡಿನ ಮನೆಗಳ ನಡುವೆ ನಾನು ಬಾಲವಾಡಿ ನಡೆಸುತ್ತಿದ್ದೆ. ಆ ವರ್ಷ ಮಲೇರಿಯಾ ಮನೆಮನೆ ಹೊಕ್ಕಿತ್ತು. ಯಾವ ಮನೆಯಲ್ಲಿ ಎಷ್ಟು ಜನರಿಗೆ ಜ್ವರ ಎಂದು ನಕ್ಷೆ ಬರೆದು ಬಣ್ಣ ಹಚ್ಚಿಡಲು ಸರ್ಕಾರಿ ದವಾಖಾನೆಯ ಡಾಕ್ಟರು ಹೇಳಿದ್ದರು. ಸೊಳ್ಳೆ ಔಷಧಿ ಹೊಡೆಯುವವರನ್ನು ಅದನ್ನು ನೋಡಿಯೇ ಕಳಿಸುವುದು.

ಜ್ವರದಲ್ಲಿ ಮಕ್ಕಳು ಮಲಗಿದ ಮನೆಗಳಿಗೆ ಕೆಟ್ಟ ಬಣ್ಣ ಬಳಿಯಲು ನನಗೆ ಕೈ ಬರಲಿಲ್ಲ. ಒಳ್ಳೆಯದಾಗಲಿ ಅಂತ ಅವಕ್ಕೆಲ್ಲ ಬಳೆಯ ಹಸಿರು ಹಚ್ಚಿದೆ. ಕೊಂಕಣಿ ಡಾಕ್ಟರಿಗೆ ನಕ್ಷೆಯ ಮೇಲಿನ ನನ್ನ ಕನ್ನಡ ಬರಹ ಓದಲು ಬರದು. ನಾನು ನೀರಿಗೆ ಹೋದಾಗ ಬಂದ ಅವರು ಬಾಲವಾಡಿಯ ಗೋಡೆಗೆ ಅಂಟಿಸಿದ್ದ ನಕ್ಷೆಯ ಹಸಿರು ನೋಡಿ, ಇಲ್ಲಿ ಎಲ್ಲ ಸರಿಯಿದೆ ಎಂದುಕೊಂಡು ಹೊರಟೇ ಹೋದರು. ಔಷಧಿ ಬೇರೆ ಕಡೆ ಹೋಯಿತು. ಆ ವಾರವೇ ಪಕ್ಕದ ಶಾಂತವ್ವನ ಮಗ, ಸೊಸೆ, ಮೂರು ವರ್ಷದ ಮೊಮ್ಮಗಳು ರೇಣುಕಾ, ಮೂವರೂ ನಡುಗುತ್ತ ಮಲಗಿದರು. ನನ್ನ ಜಾಣತನಕ್ಕೆ ನಾನೇ ಹಣೆ ಚಚ್ಚಿಕೊಂಡೆ.

ಶಾಂತವ್ವ ಕಸೂತಿ ಚೀಲ ಹೊಲಿದು ಬೀಚಿನಲ್ಲಿ ಮಾರುವವಳು. ತಪ್ಪೊಪ್ಪಿಕೊಳ್ಳಲು ಹೋದಾಗ ಮೊಮ್ಮಗಳ ಪಕ್ಕ ಕೂತು ದಾರ ಜೋಡಿಸುತ್ತಿದ್ದಳು. ಯಾರೋ ವಿದೇಶಿ ಹೆಂಗಸು ಕ್ಯಾಲೆಂಡರಿನ ಹಾಳೆಯೊಂದನ್ನು ಕೊಟ್ಟು, ಅದೇ ಬಣ್ಣಗಳ ಚೀಲ ಕೇಳಿದ್ದಳಂತೆ. ದುರ್ಬೀನಿನಲ್ಲಿ ತೆಗೆದ ಆಕಾಶದ ಫೋಟೊ ಅದು. ಸುತ್ತ ಕಪ್ಪು, ಒಳಗೆ ಕೆಂಪು ಮೋಡ, ಅದರೊಳಗೆ ಹಳದಿ, ನಟ್ಟನಡುವೆ ಬಿಳಿ. ಶಾಂತವ್ವ ಅರ್ಧ ಕಣ್ಣು ಮುಚ್ಚಿಕೊಂಡು ಒಂದೊಂದೇ ದಾರ ಸಾಲಿಗಿಡುತ್ತಿದ್ದಳು. ಹಾಗೇಕೆ ನೋಡುತ್ತೀ ಎಂದು ಕೇಳಿದೆ.

“ಹಿಂಗ ನೋಡಿದ್ರ ಬಣ್ಣ ಹೋಗಿ ಬೆಳಕಷ್ಟ ಉಳೀತೈತ್ರಿ. ಬೆಳಕ ಎಲ್ಲೈತಿ, ನೋಡಾವರ ಕಣ್ಣು ಮೊದಲ ಅಲ್ಲಿಗೇ ಹೋಗ್ತಾವ.”

ನಾನು ಎದ್ದು ಹೋಗಿ ಹೊಸ ಹಾಳೆ ತಂದೆ. ಆ ಫೋಟೊದಂತೆಯೇ ಜ್ವರವಿಲ್ಲದ ಮನೆಗೆ ಕಪ್ಪು, ಒಬ್ಬರಿಗಿದ್ದರೆ ಕೆಂಪು, ಇಬ್ಬರಿಗೆ ಹಳದಿ, ಮೂವರಿಗೋ ಹೆಚ್ಚಿಗೋ ಇದ್ದರೆ ಬಿಳಿ ಹಚ್ಚಿದೆ. ಚೆನ್ನಾಗಿರುವ ಮನೆಗೆ ಕಪ್ಪು ಬಳಿಯುತ್ತೀರಾ ಎಂದು ಹೆಂಗಸರೆಲ್ಲ ಮುನಿಸಿಕೊಂಡರು. ದಾರಿ ತೋರಿಸಿದ ಶಾಂತವ್ವನಿಗೂ ಅದು ಹಿಡಿಸಲಿಲ್ಲ. ಆದರೂ ನಕ್ಷೆ ಹಿಡಿದು ಮಳೆಯಲ್ಲೇ ದವಾಖಾನೆಗೆ ಓಡಿದೆ. ಡಾಕ್ಟರ ಬೆರಳು ನೇರ ಬಿಳಿಯ ಮೇಲೆ ಹೋಯಿತು. ಬಿಳಿ ಮನೆಗಳೆಲ್ಲ ಅರ್ಧ ಕಟ್ಟಿ ಬಿಟ್ಟಿದ್ದ, ಮಳೆನೀರು ನಿಂತ ತೊಟ್ಟಿಯ ಸುತ್ತಲೇ ಇದ್ದವು. ಮರುದಿನವೇ ತೊಟ್ಟಿ ಖಾಲಿ ಮಾಡಿಸಿ ಔಷಧಿ ಹೊಡೆಸಿದರು, ಮನೆಮನೆಗೆ ಗುಳಿಗೆ ಕೊಟ್ಟರು.

ಶಾಂತವ್ವನ ಮನೆ ಬಿಳಿಯಿಂದ ಹಳದಿಗೆ ಬಂತು, ಹಳದಿಯಿಂದ ಕೆಂಪಿಗೆ. ಕೆಂಪಿನಲ್ಲೇ ನಿಂತುಬಿಟ್ಟಿತು. ಜ್ವರ ಬಿಡದೆ ಉಳಿದವಳು ರೇಣುಕಾ. ಆ ದಿನಗಳಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಶಾಂತವ್ವ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಾಲವಾಡಿಗೆ ಬಂದಳು.

“ಅಕ್ಕೋರ, ಈಕಿ ರಕ್ತದಾಗ ಈಗ ಏನೂ ಇಲ್ಲಂತ್ರಿ. ನಮ್ಮ ಮನಿ ಕರ್ರಗ ಮಾಡ್ರಿ.”

ನಾನು ಬಳಿದು ಮುಗಿಸುವ ತನಕ ಎದುರೇ ನಿಂತು ನೋಡಿ, ಆಮೇಲೆ ಮಕ್ಕಳಿಗೆಲ್ಲ ಬೆಲ್ಲ ಹಂಚಿ, ನನ್ನ ಬಾಯಿಗೂ ಒಂದು ಚೂರು ಇಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಇವತ್ತಿಗೂ ಅಂಗಡಿಯಲ್ಲಿ ಕಪ್ಪು ಸೀರೆ ಕಂಡು ಯಾರಾದರೂ ಮೂಗು ಮುರಿದರೆ, ನನಗೆ ಮಾತ್ರ ಬಾಯಲ್ಲಿ ಆ ಬೆಲ್ಲದ ರುಚಿ ಬರುತ್ತದೆ.