ಸೆಕೆಂಡ್ ಮುಳ್ಳಿಲ್ಲದ ಎರಡು ವಾಚುಗಳು

ನಿಶ್ಚಯಕ್ಕೆ ಹನ್ನೊಂದು ದಿನ ಇರುವಾಗ ಹುಡುಗನ ಕಡೆಯಿಂದ ಅಪ್ಪನ ಮೊಬೈಲಿಗೆ ಎರಡು ವಾಚುಗಳ ಫೋಟೊ ಬಂದವು. ಎರಡರಲ್ಲಿ ಯಾವುದಾದರೂ ನಡೆಯುತ್ತದೆ, ಆರಿಸುವುದು ನಿಮಗೇ ಬಿಟ್ಟದ್ದು ಎಂದು ಕೆಳಗೆ ಬರೆದಿದ್ದರು. ದೊಡ್ಡ ಉಪಕಾರ ಮಾಡಿದವರ ಹಾಗೆ! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ನಮ್ಮ ಮನೆತನಗಳಲ್ಲಿ ನಿಶ್ಚಯದ ದಿನ ಹೆಣ್ಣಿನವರು ಗಂಡಿನ ಕೈಗೆ ವಾಚು ಕಟ್ಟುವುದು ರೂಢಿ. ಅಪ್ಪನಿಗೆ ಅವ್ವನ ತವರಿನವರು ಕಟ್ಟಿದ್ದು ಕೀಲಿ ಕೊಡುವ ಸಾದಾ ವಾಚು. ಅದಕ್ಕೆ ಯಾರೂ ಫೋಟೊ ಕಳಿಸಿರಲಿಲ್ಲ. ಈಗ ಬಂದವು ಎರಡೂ ಪರದೇಶದವು. ಒಂದು ಬಂಗಾರದ ಬಣ್ಣದ ಚೈನಿನದು, ಇನ್ನೊಂದು ಕರಿ ತೊಗಲಿನ ಬೆಲ್ಟಿನದು. ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಹಿರೇಕೆರೂರಿನ ಸರಕಾರಿ ದವಾಖಾನೆಯಲ್ಲಿ ನರ್ಸು. ವಾಚು ನನಗೆ ಶೋಕಿಯಲ್ಲ. ನಾಡಿ ನೋಡಬೇಕು, ಸಲೈನಿನ ಹನಿ ನಿಮಿಷಕ್ಕೆ ಎಷ್ಟು ಬೀಳುತ್ತಿವೆ ಎಂದು ಎಣಿಸಬೇಕು. ಬೆರಳಿಗೆ ಸಿಗಿಸುವ ಮಷೀನಿದ್ದರೂ ನಾನು ಕೈ ಹಿಡಿದು ಎಣಿಸದೆ ಬರೆದುಕೊಳ್ಳುವವಳಲ್ಲ. ನನ್ನ ವಾಚಿನ ಬೆಲ್ಟು ಕಿತ್ತು ತಿಂಗಳಾಗಿತ್ತು. ಅದನ್ನು ಪಿನ್ನು ಹಾಕಿ ಏಪ್ರನ್ನಿನ ಜೇಬಿಗೆ ಸಿಗಿಸಿಕೊಂಡು ಓಡಾಡುತ್ತಿದ್ದೆ. ಅವ್ವನಿಗೆ ಹೇಳಿದರೆ, ನಿಶ್ಚಯದ ಗದ್ದಲ ಮುಗಿಯಲಿ, ಆಮೇಲೆ ಹಾಕಿಸಿದರಾಯಿತು ಅಂದಿದ್ದಳು. ನಾಲ್ಕು ಕಾಸಿನ ಬೆಲ್ಟಿಗೆ ಪುರುಸೊತ್ತಿಲ್ಲದ ಮನೆಯಲ್ಲಿ ಎರಡು ಫೋಟೊಗಳ ಮೇಲೆ ಎಂಟು ದಿನ ಚರ್ಚೆ ನಡೆಯಿತು! ಚಹಾ ಕುಡಿಯುವಾಗ ಚೈನು, ಊಟಕ್ಕೆ ಕುಳಿತಾಗ ಬೆಲ್ಟು.

ಅಪ್ಪ ಗೋವಿನಜೋಳ, ಹತ್ತಿಯ ವ್ಯಾಪಾರಿ. ಚೀಲದೊಳಗೆ ಕೈ ಹಾಕಿ ಕಾಳು ಎಷ್ಟು ಒಣಗಿದೆ ಎಂದು ಹೇಳುವ ಮನುಷ್ಯ. ಈ ಸಂಬಂಧ ಬಂದಾಗಲೂ ಹಾಗೆಯೇ ಕೈ ಹಾಕಿ ನೋಡಿದ್ದ. ಎರಡೂ ಮನೆಯವರ ಬೆಡಗು, ಅಂದರೆ ಗೋತ್ರ, ಬೇರೆಬೇರೆ ತಾನೇ ಎಂದು ಹಾನಗಲ್ಲಿನ ಹಿರಿಯರನ್ನು ಕರೆಸಿ ಖಾತ್ರಿ ಮಾಡಿಕೊಂಡ. ಸವಣೂರಿಗೆ ಹೋಗಿ ಅವರ ಹೊಲ, ಮನೆ, ಕೊಟ್ಟು ತಂದ ಬೀಗರು ಎಲ್ಲವನ್ನೂ ವಿಚಾರಿಸಿದ. ಹುಡುಗ ಹುಬ್ಬಳ್ಳಿಯ ಕಂಪನಿಯಲ್ಲಿ ಏನು ಕೆಲಸ ಮಾಡುತ್ತಾನೆ ಎಂದೂ ಕೇಳಿದ. ಕೇಳದೆ ಬಿಟ್ಟದ್ದು ಒಂದೇ, ಮದುವೆಯಾದ ಮೇಲೆ ನನ್ನ ನೌಕರಿ ಏನಾಗುತ್ತದೆ ಎಂಬುದು. ಬಿಡಿಸುವುದಿಲ್ಲ ಎಂದು ನಾವು ತಿಳಿದಿದ್ದೆವು, ಬಿಡುತ್ತಾಳೆ ಎಂದು ಅವರು ತಿಳಿದಿದ್ದರು. ಹಿರಿಯರು ಕುಳಿತು ಏಳು ತಲೆಮಾರು ಜಾಲಾಡಿದರು, ಎದುರಿಗೆ ಕುಳಿತವಳನ್ನು ಒಂದು ಮಾತು ಕೇಳಲಿಲ್ಲ.

ಕೊನೆಗೆ ಒಂದು ಭಾನುವಾರ ಅಪ್ಪ, ಅವ್ವ, ನಾನು ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು. ಅಂಗಡಿಯವನು ಮಖಮಲ್ಲಿನ ತಟ್ಟೆಯಲ್ಲಿ ಎರಡನ್ನೂ ತಂದಿಟ್ಟ. ಅಪ್ಪ ಅವನ್ನು ಮುಟ್ಟುವ ಮೊದಲು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡದ್ದು ನೋಡಿ ನನಗೆ ಸಂಕಟವಾಯಿತು. ಹುಡುಗನೂ ನೋಡಲೆಂದು ಅಪ್ಪ ವೀಡಿಯೊ ಕರೆ ಹಚ್ಚಿ ಮೊಬೈಲನ್ನು ಎದುರಿಗೆ ನಿಲ್ಲಿಸಿದ. ನಾನು ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದೆ. ಎರಡರಲ್ಲೂ ಎರಡೇ ಮುಳ್ಳು. ಸೆಕೆಂಡ್ ಮುಳ್ಳು ಎಲ್ಲಿ ಎಂದು ಕೇಳಿದೆ. ಅಂಗಡಿಯವನು ನಕ್ಕು, ಇಂಥ ವಾಚುಗಳಲ್ಲಿ ಅದು ಇರುವುದಿಲ್ಲ, ಅದೇ ಇವುಗಳ ಡೌಲು ಅಂದ. ಹಾಗಿದ್ದರೆ ಇದನ್ನಿಟ್ಟುಕೊಂಡು ನಾಡಿ ನೋಡುವುದು ಹೇಗೆ ಎಂದೆ. ಚೇಷ್ಟೆಗೆಂದು ಅಂದದ್ದು ಅಷ್ಟೇ.

ಮೊಬೈಲಿನೊಳಗಿಂದ ಹುಡುಗ ನಗುತ್ತಲೇ ಹೇಳಿದ. "ಮದುವಿ ಆದಮ್ಯಾಲೆ ನೀವು ಯಾರ ನಾಡಿ ನೋಡಬೇಕಾಗೇತ್ರಿ? ನಮ್ಮನ್ಯಾಗ ಹೆಣಮಕ್ಕಳು ಡ್ಯೂಟಿಗೆ ಹೋಗಂಗಿಲ್ಲ."

ಬೈದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಕ್ಕು ಹೇಳಿದ! ಮೂರು ವರ್ಷ ಓದಿ, ಪರೀಕ್ಷೆ ಬರೆದು, ಹೆರಿಗೆ ವಾರ್ಡಿನಲ್ಲಿ ಕಾಲು ಬಾಯುವಷ್ಟು ನಿಂತು ಕಲಿತ ಕೆಲಸವನ್ನು, ಹಳೆಯ ಚಪ್ಪಲಿ ಹೊರಗೇ ಬಿಟ್ಟು ಬಾ ಅನ್ನುವ ಹಾಗೆ ಹೇಳಿದ. ನಾನು ಅಪ್ಪನ ಮುಖ ನೋಡಿದೆ. ಈಗ ಏನಾದರೂ ಅನ್ನುತ್ತಾನೆ ಅಂದುಕೊಂಡೆ.

ಅಪ್ಪ ಮೊಬೈಲನ್ನು ಬೋರಲು ಹಾಕಿ, ಮೆಲ್ಲಗೆ ಅಂದ. "ಅದನ್ನ ಆಮ್ಯಾಲೆ ಮಾತಾಡಿದ್ರಾತು ಯವ್ವಾ. ಎರಡರಾಗ ಒಂದು ಅಂತ ನಾ ಮಾತು ಕೊಟ್ಟೇನಿ. ಮೊದಲ ವಾಚು ಆರಿಸು."

ಹುಡುಗನ ಮೇಲೆ ಬಂದ ಸಿಟ್ಟು ಅಂಗಾಲಿನಷ್ಟಾದರೆ, ಅಪ್ಪನ ಮೇಲೆ ಬಂದದ್ದು ನೆತ್ತಿಯವರೆಗೆ. "ನಾನೂ ಎರಡರಾಗ ಒಂದು ಆರಿಸ್ತೇನಿ ಅಪ್ಪಾ. ನೌಕರಿ ಇರಲಿ, ವಾಚು ಒಳಗ ಇಡಸು" ಎಂದು ಎದ್ದುಬಿಟ್ಟೆ. ಅಂಗಡಿಯವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅವ್ವ ಚೀಲ ತೆಗೆದುಕೊಂಡು ನನಗಿಂತ ಮೊದಲು ಮೆಟ್ಟಿಲಿಳಿದಳು.

ಹಾವೇರಿ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು. ಅಪ್ಪನಂಥ ವ್ಯಾಪಾರಿಗೆ ತಾನು ಕೊಟ್ಟ ಮಾತು ತಪ್ಪುವುದೆಂದರೆ ಏನು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನನ್ನ ನೌಕರಿ ಅವನ ಮಾತಿಗಿಂತ ಅಗ್ಗವೇ? ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ತಡಸ ಬಂದಾಗ ಅವ್ವ ಮೊಣಕೈಯಿಂದ ತಿವಿದು, ಅಪ್ಪ ಬೆವರುತ್ತಿದ್ದಾನೆ ನೋಡು ಅಂದಳು. ಸಿಟ್ಟು ಇದ್ದೇ ಇತ್ತು, ಆದರೂ ಕೈ ತಾನಾಗಿ ಹೋಗಿ ಅವನ ಮಣಿಕಟ್ಟು ಹಿಡಿಯಿತು. ಬೆಲ್ಟಿಲ್ಲದ ವಾಚನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಇಡೀ ನಿಮಿಷ ಎಣಿಸಿದೆ. ಅವನು ನನ್ನ ಮುಖ ನೋಡಲಿಲ್ಲ, ಸೆಕೆಂಡ್ ಮುಳ್ಳು ತಿರುಗುವುದನ್ನೇ ನೋಡುತ್ತಿದ್ದ.

ಎಷ್ಟೈತಿ ಎಂದು ಕೇಳಿದ. ನೂರಾ ನಾಲ್ಕು ಅಂದೆ.

ಅಪ್ಪ ಮೊಬೈಲು ತೆಗೆದ. ಸವಣೂರಿಗೆ, ಹುಡುಗನ ತಂದೆಗೆ ಹಚ್ಚಿದ. ಬಸ್ಸಿನ ಸದ್ದಿಗೆ ಗಟ್ಟಿಯಾಗಿಯೇ ಮಾತಾಡಬೇಕಾಯಿತು. "ಬೀಗರ, ನಮ್ಮ ಹುಡುಗಿ ನೌಕರಿ ಬಿಡಂಗಿಲ್ಲರಿ. ಕೇಳೂದು ಮರತಿದ್ದು ನಂದ ತಪ್ಪು. ಅದಕ್ಕ ಒಪ್ಪಿಗಿ ಇದ್ರ ಎರಡರಾಗ ಯಾವ ವಾಚರೆ ಆಗಲಿ, ಕಟ್ತೇನಿ. ಇಲ್ಲಾಂದ್ರ ಇಲ್ಲರಿ."

ಕೇಳಿ ಹೇಳುತ್ತೇವೆ ಅಂದರಂತೆ. ಎರಡು ವರ್ಷವಾಯಿತು, ಅವರು ಇನ್ನೂ ಕೇಳುತ್ತಲೇ ಇದ್ದಾರೆ.

ಶಿಗ್ಗಾಂವಿ ದಾಟಿದ ಮೇಲೆ ಅಪ್ಪ ತಾನೇ ಕೈ ಚಾಚಿ, ಈಗ ನೋಡು ಅಂದ. ಮತ್ತೆ ಇಡೀ ನಿಮಿಷ ಎಣಿಸಿದೆ. ಎಂಬತ್ತೆಂಟಕ್ಕೆ ಇಳಿದಿತ್ತು. ಹೇಳಿದೆ. ಅವನು ಸೀಟಿಗೆ ಒರಗಿ ಕಣ್ಣು ಮುಚ್ಚಿದ.

ಆ ಫೋನನ್ನು ಅಂಗಡಿಯಲ್ಲೇ ಮಾಡಿದ್ದರೆ ಏನಾಗುತ್ತಿತ್ತು ಎಂದುಕೊಂಡು ನನ್ನ ಮಣಿಕಟ್ಟಿನ ಮೇಲೂ ಬೆರಳಿಟ್ಟುಕೊಂಡೆ. ನನ್ನದು ಇನ್ನೂ ಇಳಿದಿರಲಿಲ್ಲ.